ಓಡದೆ ಮುಪ್ಪಾಗುವ ಓಟದ ಬಂಡಿ

“ಮಾರಾಟಕ್ಕಿದೆ: ಡುಕಾಟಿ 900, ಮೈಕ್ ಹೇಲ್‌ವುಡ್ ಪ್ರತಿರೂಪ. ಒಬ್ಬನೇ ಮಾಲಿಕನ ಬಳಿ ಇದ್ದುದು. ಓಡಿರುವುದು ತೀರ ಸ್ವಲ್ಪ.” ಹಳೆಯ ಮೋಟಾರು ಸೈಕಲ್ಲುಗಳನ್ನು ಸಂಗ್ರಹಿಸುವ ಹವ್ಯಾಸ ಬೆಳೆದಿರುವ ಯೂರೋಪು ಅಮೆರಿಕಗಳಲ್ಲಿ ಇಂಥ ಒಕ್ಕಣೆಯ ಪ್ರಕಟಣೆಗಳು ಆಗಿಂದಾಗ್ಗೆ ಕಾಣಿಸಿಕೊಳ್ಳುವುದುಂಟು. ಇದರಲ್ಲಿ ಬೆಲೆಯನ್ನು ಏರಿಸುವುದು ಕೊನೆಯ ವಾಕ್ಯ. ಕುದುರೆಯನ್ನು ಮಾರಲು ಬಂದವನು “ಇದು ಜೂಜಿನ ಕುದುರೆಯ ತಳಿ, ಆದರೆ ಲಾಯ ಬಿಟ್ಟು ಹೊರಕ್ಕೆ ಬಂದೇ ಇಲ್ಲ” ಎಂದರೆ ಕೊಳ್ಳುವವನು ನಕ್ಕು ಮುಂದೆ ಹೋದಾನು. ಯಂತ್ರದ ವಿಷಯದಲ್ಲಿ ಮಾತ್ರ ಅದೇ ಮಾತು ಹೊಗಳಿಕೆಯಾಗುತ್ತದೆ. ಓಡದ ಯಂತ್ರ ಸವೆದಿಲ್ಲ, ಸವೆಯದ್ದು ಹೊಸತು ಎಂಬುದು ಇದರ ಹಿಂದಿರುವ ತರ್ಕ. ಈ ತರ್ಕದಲ್ಲಿ ದಿಟವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಪರಿಶೀಲಿಸೋಣ. ಅದಕ್ಕೆ ಮೊದಲು ಹೇಲ್‌ವುಡ್ ಯಾರು, ಈ ಬಂಡಿ ಯಾವುದರ ಪ್ರತಿರೂಪ ಎಂಬುದನ್ನು ತಿಳಿಯಬೇಕು.

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಕಡಲಿನಲ್ಲಿರುವ ಮ್ಯಾನ್ ದ್ವೀಪದಲ್ಲಿ 1907ರಿಂದ ‘ಟಿ.ಟಿ.’ ಎಂಬ ಹೆಸರಿನ ಮೋಟಾರು ಸೈಕಲ್ ಪಂದ್ಯಗಳು ನಡೆಯುತ್ತ ಬಂದಿವೆ. ಅದು ಪಂದ್ಯಕ್ಕಾಗಿಯೇ ಕಟ್ಟಿದ ಬಯಲಲ್ಲ. ಊರು, ಸೇತುವೆ, ಕಲ್ಲುಗೋಡೆ, ಬೆಟ್ಟದ ತಿರುವುಗಳ ನಡುವೆ ಹಾಯುವ, ಸುತ್ತಿಗೆ ಸುಮಾರು 60.7 ಕಿಲೋಮೀಟರಿನ ಸಾಮಾನ್ಯ ರಸ್ತೆ. ಸವಾರರು ಒಟ್ಟಿಗೆ ಹೊರಡದೆ, ಕೆಲವು ಸೆಕೆಂಡುಗಳ ಅಂತರದಲ್ಲಿ ಒಬ್ಬರ ಹಿಂದೊಬ್ಬರು ಹೊರಟು ಗಡಿಯಾರದೊಡನೆ ಸೆಣಸುತ್ತಾರೆ. ಆ ರಸ್ತೆಯಲ್ಲಿ ಪ್ರಾಣ ತೆತ್ತವರ ಸಂಖ್ಯೆ ಇನ್ನೂರನ್ನು ಮೀರಿದೆ. ಈ ಅಪಾಯದ ದೆಸೆಯಿಂದಲೇ 1976ರ ತರುವಾಯ ವಿಶ್ವ ಚಾಂಪಿಯನ್ ಪದವಿಯ ಮುಖ್ಯ ಪಂದ್ಯಮಾಲೆಯಿಂದ ಟಿ.ಟಿ.ಯನ್ನು ಕೈಬಿಟ್ಟರು. ಅದರ ಬದಲಿಗೆ, ಜನರಿಗೆ ಮಾರುವ ಯಂತ್ರಗಳನ್ನು ಆಧಾರವಾಗಿಟ್ಟುಕೊಂಡು ರಚಿಸಿದ ಬಂಡಿಗಳಿಗೆ ‘ಟಿ.ಟಿ. ಫಾರ್ಮುಲಾ ಒನ್’ ಎಂಬ ಹೊಸ ಪದವಿಯೊಂದು ಏರ್ಪಟ್ಟಿತು.

1940ರಲ್ಲಿ ಹುಟ್ಟಿದ ಇಂಗ್ಲೆಂಡಿನ ಮೈಕ್ ಹೇಲ್‌ವುಡ್ಡನು ಒಂಬತ್ತು ಬಾರಿ ವಿಶ್ವ ಚಾಂಪಿಯನ್ ಆಗಿದ್ದವನು. 1967ರ ಅನಂತರ ಅವನು ಮ್ಯಾನ್ ದ್ವೀಪವನ್ನು ಬಿಟ್ಟು ಕಾರುಗಳ ಪಂದ್ಯಕ್ಕೆ ತಿರುಗಿದ. 1973ರಲ್ಲಿ ದಕ್ಷಿಣ ಆಫ್ರಿಕದ ಪಂದ್ಯದಲ್ಲಿ ಉರಿಯುತ್ತಿದ್ದ ಕಾರಿನಿಂದ ಎದುರಾಳಿಯೊಬ್ಬನನ್ನು ಹೊರಗೆಳೆದು ಉಳಿಸಿದುದಕ್ಕಾಗಿ ಅವನಿಗೆ ಜಾರ್ಜ್ ಪದಕ ದೊರೆಯಿತು. ಮರುವರ್ಷ ಜರ್ಮನಿಯ ನ್ಯೂರ್ಬುರ್ಗ್‌ರಿಂಗಿನಲ್ಲಿ ಆದ ಅಪಘಾತದಲ್ಲಿ ಅವನ ಕಾಲು ಜಖಂಗೊಂಡು ಕಾರಿನ ಪಂದ್ಯಗಳೂ ಮುಗಿದವು. ಇಂಥವನು 1978ರ ಜೂನ್ 3ರಂದು, ತನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ, ಹನ್ನೊಂದು ವರ್ಷಗಳ ಬಳಿಕ ಮತ್ತೆ ಅದೇ ರಸ್ತೆಗೆ ಇಳಿದನು. ಅವನ ಕೆಳಗಿದ್ದುದು ಕೆಂಪು, ಬಿಳಿ, ಹಸುರು ಬಣ್ಣದ ಡುಕಾಟಿ. ಎದುರಾಳಿ ಫಿಲ್ ರೀಡ್. ಅವನದು ಹೆಚ್ಚು ಬಲಶಾಲಿಯೆಂದು ಎಲ್ಲರೂ ಎಣಿಸಿದ್ದ ಹೋಂಡಾ. ತನಗಿಂತ ಮುಂಚೆ ಹೊರಟಿದ್ದ ರೀಡನನ್ನು ಹೇಲ್‌ವುಡ್ಡನು ರಸ್ತೆಯಲ್ಲೇ ಹಿಡಿದ. ಐದನೆಯ ಸುತ್ತಿನಲ್ಲಿ ಹೋಂಡಾ ಕೆಟ್ಟು ನಿಂತಿತು. ಆರು ಸುತ್ತುಗಳ ಸುಮಾರು 364 ಕಿಲೋಮೀಟರು ದೂರವನ್ನು ಹೇಲ್‌ವುಡ್ಡನು ಗಂಟೆಗೆ ಸರಾಸರಿ 174 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಮುಗಿಸಿ ಗೆದ್ದನು. ಡುಕಾಟಿ ಕಾರ್ಖಾನೆಗೆ ದೊರೆತ ಮೊತ್ತಮೊದಲ ವಿಶ್ವ ಪದವಿ ಅದು.

ಮುಂದಿನ ವರ್ಷವೇ, 1979ರಲ್ಲಿ, ಕಾರ್ಖಾನೆಯು ಅದೇ ಬಣ್ಣಗಳನ್ನು ಬಳಿದು, ಅದೇ ಬಗೆಯ ಗಾಳಿಮರೆಯನ್ನು ಮುಂಭಾಗಕ್ಕೆ ತೊಡಿಸಿ, ಹೇಲ್‌ವುಡ್ಡನ ಹೆಸರಿನಲ್ಲಿ ‘ಪ್ರತಿರೂಪ’ವನ್ನು ಮಾರಾಟಕ್ಕೆ ಬಿಟ್ಟಿತು. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಗೆದ್ದ ಬಂಡಿ ಪಂದ್ಯಕ್ಕಾಗಿ ವಿಶೇಷವಾಗಿ ಸಿದ್ಧಪಡಿಸಿದ್ದು. ಪ್ರತಿರೂಪವಾದರೋ ಅದಾಗಲೇ ಮಾರಾಟದಲ್ಲಿದ್ದ 900 ಎಸ್.ಎಸ್. ಎಂಬ ಬಂಡಿಗೆ ತೊಡಿಸಿದ ಹೊಸ ಅಂಗಿ. ಮೊದಲ ಕಂತಿನ ಇನ್ನೂರು ಬಂಡಿಗಳು ಇಂಗ್ಲೆಂಡಿಗೆ ಹೋದವು. 1986ರವರೆಗೆ ಒಟ್ಟು ಏಳು ಸಾವಿರದಷ್ಟು ತಯಾರಾದುವು. ಆದುದರಿಂದ ಪ್ರಕಟಣೆಯಲ್ಲಿ ‘ಅಪರೂಪ’ ಎಂಬ ಪದ ಕಂಡೊಡನೆ ಬೆರಗಾಗಬೇಕಿಲ್ಲ. ಅಪರೂಪವಾದುದು ಬಂಡಿಯಲ್ಲ, ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಯಾರೂ ಓಡಿಸದೆ ಬಿಟ್ಟ ಬಂಡಿ.

ಹಾಗೆಂದು ಇದು ಬರಿಯ ಬಣ್ಣದ ಬೊಂಬೆಯೂ ಅಲ್ಲ. ಗೆದ್ದ ಬಂಡಿಯ ಹೃದಯದಲ್ಲಿದ್ದ ಯಂತ್ರತತ್ತ್ವ ಪ್ರತಿರೂಪದಲ್ಲಿಯೂ ಇದೆ. ಅದನ್ನು ವಿವರಿಸುವುದಕ್ಕೆ ಇಟಲಿಯ ಬೊಲೋನ್ಯ ನಗರಕ್ಕೆ ಹೋಗಬೇಕು. 1926ರಲ್ಲಿ ಡುಕಾಟಿ ಮನೆತನದ ಸೋದರರು ಅಲ್ಲಿ ಸ್ಥಾಪಿಸಿದ ಕಾರ್ಖಾನೆ ತಯಾರಿಸುತ್ತಿದ್ದುದು ಬಂಡಿಗಳನ್ನಲ್ಲ, ರೇಡಿಯೋದ ಬಿಡಿಭಾಗಗಳನ್ನು. ಮುಖ್ಯವಾಗಿ ವಿದ್ಯುತ್ತನ್ನು ಕೂಡಿಡುವ ಕೆಪ್ಯಾಸಿಟರುಗಳನ್ನು. ಮಾರ್ಕೋನಿ ಹುಟ್ಟಿದ ಊರಿನಲ್ಲಿ ಇದು ಸಹಜವೇ. 1944ರಲ್ಲಿ ಬಾಂಬುಗಳ ಮಳೆಗೆ ಸಿಕ್ಕಿ ಕಾರ್ಖಾನೆ ನೆಲಸಮವಾಯಿತು. ಯುದ್ಧಾನಂತರ, ಬೈಸಿಕಲ್ಲಿಗೆ ಜೋಡಿಸುವ ಪುಟ್ಟ ಯಂತ್ರವೊಂದನ್ನು ತಯಾರಿಸುತ್ತ ಅದು ಚೇತರಿಸಿಕೊಂಡಿತು. 1954ರಲ್ಲಿ ಫಾಬಿಯೊ ಟಾಲ್ಯೋನಿ ಎಂಬ ತರುಣ ಎಂಜಿನಿಯರ್ ಅಲ್ಲಿಗೆ ಬಂದು ಸೇರಿದ. ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ಅವನನ್ನು ಹಿಡಿದಿಟ್ಟ ಸಮಸ್ಯೆ ಒಂದೇ: ಕವಾಟವನ್ನು ಮುಚ್ಚುವುದು ಹೇಗೆ?

ನಾಲ್ಕು ಹೊಡೆತದ ಪೆಟ್ರೋಲು ಯಂತ್ರದಲ್ಲಿ ಸಿಲಿಂಡರಿನ ನೆತ್ತಿಯ ಮೇಲೆ ಎರಡು ಬಾಗಿಲುಗಳಿರುತ್ತವೆ. ಒಂದು, ಪೆಟ್ರೋಲು ಬೆರೆತ ಗಾಳಿಯನ್ನು ಒಳಕ್ಕೆ ಬಿಡುವುದು. ಇನ್ನೊಂದು, ಉರಿದ ಹೊಗೆಯನ್ನು ಹೊರಕ್ಕೆ ಕಳುಹಿಸುವುದು. ಅಣಬೆಯ ಆಕಾರದ ಈ ಬಾಗಿಲುಗಳೇ ಕವಾಟಗಳು. ತಿರುಗುವ ದಂಡಿನ ಮೇಲಿರುವ ಮೊಟ್ಟೆಯಾಕಾರದ ಉಬ್ಬು, ಅಂದರೆ ಕ್ಯಾಮ್, ರಾಕರ್ ಎಂಬ ಸನ್ನೆಕೋಲಿನ ಮೂಲಕ ಕವಾಟವನ್ನು ಒತ್ತಿ ತೆರೆಯುತ್ತದೆ. ಉಬ್ಬು ಸರಿದುಹೋದಾಗ ಕವಾಟವನ್ನು ಹಿಂದಕ್ಕೆ ತಳ್ಳಿ ಮುಚ್ಚುವ ಕೆಲಸ ಸ್ಪ್ರಿಂಗಿನದು. ತಳ್ಳಿದವನು ಕೈಬಿಟ್ಟೊಡನೆ ತಾನಾಗಿ ಮುಚ್ಚಿಕೊಳ್ಳುವ, ಸ್ಪ್ರಿಂಗು ಹಾಕಿದ ಬಾಗಿಲನ್ನು ವಾಚಕರು ಕಚೇರಿಗಳಲ್ಲಿ ಕಂಡಿರಬಹುದು. ಇದೂ ಹಾಗೆಯೇ.

ಬಾಗಿಲಿನಲ್ಲಿ ಜನ ಒಬ್ಬೊಬ್ಬರಾಗಿ ಬರುತ್ತಿರುವವರೆಗೆ ತೊಂದರೆಯಿಲ್ಲ. ಯಂತ್ರ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎನ್ನಿ. ಆಗ ಕ್ಯಾಮ್ ದಂಡು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಪ್ರತಿಯೊಂದು ಕವಾಟವೂ ಸೆಕೆಂಡಿಗೆ ಐವತ್ತು ಸಲ ತೆರೆದು ಮುಚ್ಚಬೇಕು. ಒಂದೊಂದು ಸಲವೂ ಅದಕ್ಕೆ ದೊರೆಯುವ ಅವಕಾಶ ಸೆಕೆಂಡಿನ ನೂರನೆಯ ಒಂದು ಪಾಲಿಗೂ ಕಡಮೆ. ಅಷ್ಟರೊಳಗೆ ಸುಮಾರು ಒಂದು ಸೆಂಟಿಮೀಟರು ಹೋಗಿ, ನಿಂತು, ಹಿಂದಿರುಗಬೇಕು. ಇದಕ್ಕೆ ಬೇಕಾದ ವೇಗೋತ್ಕರ್ಷವನ್ನು ಸ್ಥೂಲವಾಗಿ ಲೆಕ್ಕ ಹಾಕಿದರೆ ಭೂಮಿಯ ಗುರುತ್ವದ ವೇಗೋತ್ಕರ್ಷದ ಮುನ್ನೂರರಷ್ಟು ಬರುತ್ತದೆ. ಕವಾಟವೂ ಅದರೊಡನೆ ಚಲಿಸುವ ಭಾಗಗಳೂ ಕೂಡಿ ನೂರು ಗ್ರಾಮು ತೂಗಿದರೆ, ಅವನ್ನು ಹಿಂದಕ್ಕೆ ತರಲು ಮೂವತ್ತು ಕಿಲೋಗ್ರಾಮು ತೂಕಕ್ಕೆ ಸಮನಾದ ಬಲ ಬೇಕು. ಯಂತ್ರದ ವೇಗವನ್ನು ಒಂದೂವರೆಯಷ್ಟು ಮಾಡಿ 9000 ಸುತ್ತಿಗೆ ಏರಿಸಿದಿರೋ, ಬೇಕಾದ ಬಲ ಒಂದೂವರೆಯಷ್ಟಲ್ಲ, ಎರಡೂಕಾಲಿನಷ್ಟು. ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ಸ್ಪ್ರಿಂಗಿಗೆ ಅಷ್ಟು ಬಲವಿರದಿದ್ದರೆ ಕವಾಟವು ಕ್ಯಾಮಿನ ಮೈಯನ್ನು ಬಿಟ್ಟು ಗಾಳಿಯಲ್ಲಿ ತೇಲುತ್ತದೆ. ಮುಚ್ಚಬೇಕಾದ ಕ್ಷಣದಲ್ಲಿ ತೆರೆದೇ ಇರುತ್ತದೆ. ಮೇಲೇರಿ ಬರುವ ಪಿಸ್ಟನ್ ಅದಕ್ಕೆ ಬಡಿದರೆ ಯಂತ್ರದ ಕಥೆ ಅಲ್ಲಿಗೆ ಮುಗಿಯಿತು. ಸ್ಪ್ರಿಂಗನ್ನು ಗಡುಸು ಮಾಡಬಹುದಲ್ಲ ಎಂದು ಕೇಳಬಹುದು. ಆದರೆ ಗಡುಸಾದ ಸ್ಪ್ರಿಂಗು ಕ್ಯಾಮನ್ನು ಬೇಗ ಸವೆಸುತ್ತದೆ, ಯಂತ್ರದ ಶಕ್ತಿಯನ್ನು ತಿನ್ನುತ್ತದೆ. 1950ರ ದಶಕದ ಉಕ್ಕಿನಲ್ಲಿ ಮಾಡಿದ ಸ್ಪ್ರಿಂಗುಗಳು ಅಂಥ ದುಡಿಮೆಯಲ್ಲಿ ಮುರಿದುಬೀಳುವುದೂ ಸಾಮಾನ್ಯವಾಗಿತ್ತು.

ಟಾಲ್ಯೋನಿಯ ಪರಿಹಾರ, ಮುಚ್ಚುವ ಕೆಲಸವನ್ನು ಸ್ಪ್ರಿಂಗಿನ ಕೈಯಿಂದ ಕಿತ್ತು ಇನ್ನೊಂದು ಕ್ಯಾಮಿಗೆ ಒಪ್ಪಿಸುವುದು. ಒಂದು ಕ್ಯಾಮ್ ಕವಾಟದ ತಲೆಯನ್ನು ಒತ್ತಿ ತೆರೆಯುತ್ತದೆ. ಮತ್ತೊಂದು ಕ್ಯಾಮ್, ಕವಲೊಡೆದ ಸನ್ನೆಕೋಲಿನಿಂದ ಕವಾಟದ ಕಾಂಡವನ್ನು ಕೆಳಗಿನಿಂದ ಹಿಡಿದೆತ್ತಿ ಮುಚ್ಚುತ್ತದೆ. ತಳ್ಳುವವನೊಬ್ಬ, ಎಳೆಯುವವನೊಬ್ಬ, ನಡುವೆ ಬಾಗಿಲಿಗೆ ಸ್ವೇಚ್ಛೆಯಿಲ್ಲ. ಇದಕ್ಕೆ ‘ಡೆಸ್ಮೊಡ್ರೋಮಿಕ್’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಡೆಸ್ಮೋಸ್’ ಎಂದರೆ ಬಂಧನ, ‘ಡ್ರೋಮೋಸ್’ ಎಂದರೆ ಓಟ. ಕಲ್ಪನೆ ಟಾಲ್ಯೋನಿಯದೇ ಅಲ್ಲ. 1954 ಮತ್ತು 1955ರಲ್ಲಿ ಜರ್ಮನಿಯ ಮರ್ಸಿಡಿಸ್ ಪಂದ್ಯದ ಕಾರುಗಳಲ್ಲಿ ಇದು ಇತ್ತು. ಅವನ ಹಿರಿಮೆ ಇದನ್ನು ಸಣ್ಣ ಯಂತ್ರಕ್ಕೆ ಅಳವಡಿಸಿ, ಕಟ್ಟಕಡೆಗೆ ಅಂಗಡಿಯಲ್ಲಿ ಕೊಳ್ಳುವವನ ಕೈಗೂ ತಲಪಿಸಿದುದು. 1956ರಲ್ಲಿ ಸ್ವೀಡನ್ನಿನ ಹೆಡೆಮೋರದಲ್ಲಿ ಅವನ 125 ಘನ ಸೆಂಟಿಮೀಟರಿನ ಬಂಡಿ ತನ್ನ ಮೊದಲ ಪಂದ್ಯವನ್ನೇ ಗೆದ್ದಿತು. ಅದನ್ನು ಗೆಲ್ಲಿಸಿದ ಸವಾರ ಡೆಲ್ಯಿ ಆಂಟೋನಿ ಕೆಲವೇ ವಾರಗಳಲ್ಲಿ ಮಾಂಜದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಬಿದ್ದು ಸತ್ತನು. 1968ರಲ್ಲಿ ಈ ವಿಧಾನ ರಸ್ತೆಯ ಬಂಡಿಗಳಿಗೆ ಬಂತು. 1972ರ ಏಪ್ರಿಲಿನಲ್ಲಿ ಇಮೋಲದಲ್ಲಿ ಪಾಲ್ ಸ್ಮಾರ್ಟ್ ಮತ್ತು ಬ್ರೂನೊ ಸ್ಪಾಜ್ಜಾರಿ ಡುಕಾಟಿಗಳ ಮೇಲೆ ಮೊದಲನೆಯ ಎರಡನೆಯ ಸ್ಥಾನಗಳನ್ನು ಗಳಿಸಿದರು. ಆ ಗೆಲುವಿನ ಪ್ರತಿರೂಪವಾಗಿ 1974ರಲ್ಲಿ ಬಂದ 750 ಎಸ್.ಎಸ್. ನಾನೂರರಷ್ಟು ಮಾತ್ರ ತಯಾರಾಯಿತು. ಅಪರೂಪವೆಂಬ ಪದ ಅದಕ್ಕೆ ನಿಜವಾಗಿಯೂ ಸಲ್ಲುತ್ತದೆ.

ಹೇಲ್‌ವುಡ್ ಪ್ರತಿರೂಪದ ಯಂತ್ರ 864 ಘನ ಸೆಂಟಿಮೀಟರಿನದು. ಎರಡು ಸಿಲಿಂಡರುಗಳು ಒಂದಕ್ಕೊಂದು ಲಂಬವಾಗಿವೆ. ಒಂದು ಮುಂದಕ್ಕೆ ಬಹುಮಟ್ಟಿಗೆ ಮಲಗಿದೆ, ಇನ್ನೊಂದು ನಿಂತಿದೆ. ಪ್ರತಿ ಸಿಲಿಂಡರಿನ ಪಕ್ಕದಲ್ಲೂ ಒಂದು ಉಕ್ಕಿನ ದಂಡು ಮೇಲೇರುತ್ತದೆ. ಅದರ ತುದಿಗಳಲ್ಲಿರುವ ಶಂಕುವಿನಾಕಾರದ ಹಲ್ಲುಚಕ್ರಗಳು ಕ್ಯಾಮುಗಳನ್ನು ತಿರುಗಿಸುತ್ತವೆ. ಈ ಹಲ್ಲುಗಳು ಸರಿಯಾಗಿ ಕೂಡಿಕೊಳ್ಳುವಂತೆ ತೆಳುವಾದ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟು, ಅಳೆದು, ತೆಗೆದು, ಮತ್ತೆ ಇಡಬೇಕು. ನುರಿತ ಕೈಗೆ ಮಾತ್ರ ಸಾಧ್ಯವಾದ, ಗಂಟೆಗಟ್ಟಲೆ ಹಿಡಿಯುವ ಕೆಲಸವಿದು. ಮುಂದೆ ಕಾರ್ಖಾನೆ ದಂಡುಗಳನ್ನು ಬಿಟ್ಟು ಹಲ್ಲಿರುವ ರಬ್ಬರು ಪಟ್ಟಿಗಳಿಗೆ ತಿರುಗಿದುದು ಈ ವೆಚ್ಚದಿಂದಾಗಿ. ಮೊದಮೊದಲ ಪ್ರತಿರೂಪಗಳಿಗೆ ವಿದ್ಯುತ್ ಚಾಲಕವಿಲ್ಲ. ಕಾಲಿನಿಂದ ಒದ್ದೇ ಎಬ್ಬಿಸಬೇಕು.

ಇನ್ನು ಪ್ರಕಟಣೆಯ ಮೂರನೆಯ ವಾಕ್ಯಕ್ಕೆ ಬರೋಣ. ಓಡಿರುವುದು ಸ್ವಲ್ಪ ಎಂದು ತಿಳಿಯುವುದು ದೂರಮಾಪಕದಿಂದ. ಚಕ್ರದಿಂದ ಬರುವ ತಂತಿ, ಅಂಕಿ ಬರೆದ ಪುಟ್ಟ ಗಾಲಿಗಳನ್ನು ತಿರುಗಿಸುತ್ತದೆ. ಒಂದು ಗಾಲಿ ಪೂರ್ತಿ ಒಂದು ಸುತ್ತು ಬಂದರೆ ಪಕ್ಕದ್ದು ಹತ್ತನೆಯ ಒಂದು ಸುತ್ತು. ಈ ಸರಳ ಯಂತ್ರವನ್ನು ಹಿಂದಕ್ಕೆ ತಿರುಗಿಸುವುದೂ, ಇಡಿಯಾಗಿ ಬದಲಿಸುವುದೂ ಕಷ್ಟವಲ್ಲ. ಆದಕಾರಣ ಬಲ್ಲವರು ಅಂಕಿಯನ್ನು ನಂಬದೆ ಬಂಡಿಯನ್ನೇ ಓದುತ್ತಾರೆ. ಕಾಲಿಡುವ ಕಡ್ಡಿಯ ರಬ್ಬರು ಸವೆದಿದೆಯೇ? ಬ್ರೇಕಿನ ತಟ್ಟೆಯಲ್ಲಿ ಅಂಚು ಬಿದ್ದಿದೆಯೇ? ಗಾಳಿಮರೆಯ ಮೂತಿಯಲ್ಲಿ ಕಲ್ಲು ಸಿಡಿದ ಚುಕ್ಕೆಗಳಿವೆಯೇ? ಅಂಕಿ ಸುಳ್ಳು ಹೇಳಿದರೂ ಇವು ಹೇಳವು.

ಅಂಕಿ ನಿಜವೇ ಆಗಿರಲಿ. ಅದು ತಿಳಿಸುವುದು ಉಜ್ಜಾಟದಿಂದ ಆದ ಸವೆತವನ್ನು ಮಾತ್ರ. ಯಂತ್ರದೊಳಗೆ ಇನ್ನೊಂದು ಗಡಿಯಾರ ನಡೆಯುತ್ತಿರುತ್ತದೆ. ಅದು ರಸಾಯನ ಕ್ರಿಯೆಯ ಗಡಿಯಾರ. ಬಂಡಿ ನಿಂತರೆ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ನಿಲ್ಲದು. ಟಯರನ್ನೇ ನೋಡಿ. ಗಾಳಿಯ ಆಮ್ಲಜನಕವೂ ಓಜೋನೂ ರಬ್ಬರಿನ ಉದ್ದನೆಯ ಅಣುಗಳನ್ನು ಒಂದೆಡೆ ಕಡಿಯುತ್ತ, ಮತ್ತೊಂದೆಡೆ ಹೊಸ ಬೆಸುಗೆ ಹಾಕುತ್ತ ಬರುತ್ತವೆ. ಮೃದುವಾಗಿದ್ದ ರಬ್ಬರು ಗಡುಸಾಗುತ್ತದೆ, ಸೂಕ್ಷ್ಮವಾಗಿ ಬಿರಿಯುತ್ತದೆ. ಅಚ್ಚಿನ ಗೆರೆಗಳೆಲ್ಲ ಹೊಸದರಂತೆ ಆಳವಾಗಿರುತ್ತವೆ. ಆದರೆ ರಸ್ತೆಯನ್ನು ಕಚ್ಚಿ ಹಿಡಿಯುವ ಗುಣ ಹೋಗಿರುತ್ತದೆ. ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕು ಓಡಬಲ್ಲ ಬಂಡಿಯನ್ನು ತಿರುವಿನಲ್ಲಿ ಓರೆಮಾಡಿದವನ ಪ್ರಾಣ ಅಂಗೈಯಗಲದ ಈ ರಬ್ಬರಿನ ಮೇಲಿದೆ. 2000ದಿಂದೀಚಿನ ಟಯರುಗಳ ಪಕ್ಕದಲ್ಲಿ ತಯಾರಾದ ವಾರವನ್ನೂ ವರ್ಷವನ್ನೂ ತಿಳಿಸುವ ನಾಲ್ಕು ಅಂಕಿಗಳಿರುತ್ತವೆ. ಅಲ್ಲಿ ಮೂರೇ ಅಂಕಿಗಳಿದ್ದರೆ ಅದು ಕಳೆದ ಶತಮಾನದ ಟಯರು.

ಬ್ರೇಕಿನ ದ್ರವದ ಸಂಗತಿ ಇನ್ನೂ ಗುಪ್ತವಾದುದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ನೀರು ಸೇರಿದಷ್ಟೂ ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಬಿಸಿಯಾದ ಬ್ರೇಕಿನಲ್ಲಿ ಅದು ಕುದಿದು ಆವಿಯ ಗುಳ್ಳೆಗಳೆದ್ದರೆ, ಸವಾರನು ಹಿಡಿಯನ್ನು ಅದುಮಿದಾಗ ಗುಳ್ಳೆಗಳು ಕುಗ್ಗುತ್ತವೆಯೇ ಹೊರತು ಬಂಡಿ ನಿಲ್ಲುವುದಿಲ್ಲ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಹಗುರ ಭಾಗ ಆವಿಯಾಗಿ, ಮಿಕ್ಕುದು ಆಮ್ಲಜನಕದೊಡನೆ ಕೂಡಿ ಅಂಟಾಗುತ್ತದೆ. ಕಾರ್ಬುರೇಟರಿನಲ್ಲಿ ಮಿಲಿಮೀಟರಿನ ಅರ್ಧದಷ್ಟಿರುವ ರಂಧ್ರಗಳನ್ನು ಮುಚ್ಚಲು ಅಷ್ಟು ಸಾಕು. ಇಂದಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್, ಮೇಲೆ ಹೇಳಿದ 1974ರ ಬಂಡಿಯ ಗಾಜಿನ ನಾರಿನ ಟ್ಯಾಂಕನ್ನು ಒಳಗಿನಿಂದಲೇ ಮೆತ್ತಗೆ ಮಾಡಿ ಕರಗಿಸುತ್ತದೆ.

ಎಲ್ಲಕ್ಕಿಂತ ಕುತೂಹಲದ ಹಾನಿ ಕವಾಟಗಳ ಬಾಗಿಲಲ್ಲೇ ಆಗುವುದು. ಯಂತ್ರ ನಿಂತಾಗ ಎರಡೂ ಸಿಲಿಂಡರುಗಳ ನಾಲ್ಕೂ ಕವಾಟಗಳು ಮುಚ್ಚಿರುವ ಸಂದರ್ಭ ಅಪರೂಪ; ಯಾವುದಾದರೊಂದು ತೆರೆದೇ ಇರುತ್ತದೆ. ಅಷ್ಟೊಂದು ಜಾಣ್ಮೆಯಿಂದ ಮುಚ್ಚಲು ಏರ್ಪಾಡು ಮಾಡಿದ ಬಾಗಿಲು ವರ್ಷಗಟ್ಟಲೆ ತೆರೆದುಕೊಂಡಿದ್ದು, ಹೊಗೆಕೊಳವೆಯ ಮೂಲಕ ಮಳೆಗಾಲದ ತೇವವನ್ನು ಒಳಕ್ಕೆ ಕರೆಯುತ್ತದೆ. ಎಣ್ಣೆಯ ಪೊರೆ ಇಳಿದುಹೋದ ಸಿಲಿಂಡರಿನ ಗೋಡೆಗೂ, ರೋಲರ್ ಬೇರಿಂಗುಗಳಿಗೂ ತುಕ್ಕಿನ ಚುಕ್ಕೆಗಳು ಬೀಳುತ್ತವೆ. ಬೇರಿಂಗಿನ ಮೇಲೆ ಸಾಸಿವೆಯ ಅರ್ಧದಷ್ಟು ಗುಳಿ ಬಿದ್ದರೂ ಸಾಕು. ಭಾರ ಹೊತ್ತು ಉರುಳುವಾಗ ಅದರ ಅಂಚಿನಿಂದ ಉಕ್ಕು ಚಕ್ಕೆಚಕ್ಕೆಯಾಗಿ ಏಳತೊಡಗುತ್ತದೆ. ವೇಗದಲ್ಲಿದ್ದಾಗ ಬೇರಿಂಗು ಸಿಡಿದು ಯಂತ್ರ ಬಿಗಿದರೆ ಹಿಂದಿನ ಚಕ್ರ ಥಟ್ಟನೆ ನಿಲ್ಲುತ್ತದೆ. ಅದರ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲವರು ತಿಂಗಳಿಗೊಮ್ಮೆ ಐದು ನಿಮಿಷ ಯಂತ್ರವನ್ನು ನಡೆಸಿ ಬಂಡಿಯನ್ನು ಆರೋಗ್ಯವಾಗಿಟ್ಟಿದ್ದೇವೆಂದು ತೃಪ್ತಿಪಡುತ್ತಾರೆ. ಇದು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಅದರಲ್ಲಿನ ಜಲಜನಕದಿಂದ ಹೆಚ್ಚುಕಡಮೆ ಒಂದು ಲೀಟರು ನೀರು ಹುಟ್ಟುತ್ತದೆ. ಯಂತ್ರ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೊರಟುಹೋದೀತು. ಅರೆಬಿಸಿಯಲ್ಲಿ ನಿಲ್ಲಿಸಿದರೆ ಅದು ಹೊಗೆಕೊಳವೆಯಲ್ಲೂ ಎಣ್ಣೆಯಲ್ಲೂ ಉಳಿದು, ಹೊಗೆಯ ಆಮ್ಲಗಳೊಡನೆ ಕೂಡಿ ಲೋಹವನ್ನು ತಿನ್ನುತ್ತದೆ.

ಹಾಗಾದರೆ ಓಡದ ಬಂಡಿಗೆ ಬೆಲೆಯೇ ಇಲ್ಲವೆ? ಇದೆ, ಆದರೆ ಆ ಬೆಲೆ ಬೇರೆಯ ಕಾರಣಕ್ಕೆ. 1979ರ ಬೊಲೋನ್ಯದ ಕೆಲಸಗಾರ ಯಾವ ತಿರುಪನ್ನು ಬಳಸಿದ, ಬಣ್ಣವನ್ನು ಎಷ್ಟು ದಪ್ಪ ಬಳಿದ, ತಂತಿಗಳನ್ನು ಯಾವ ಹಾದಿಯಲ್ಲಿ ಕಟ್ಟಿದ ಎಂಬುದಕ್ಕೆ ಕೈಹಚ್ಚದ ಬಂಡಿಯೇ ಸಾಕ್ಷಿ. ಪದೇ ಪದೇ ಬಿಚ್ಚಿ ಕಟ್ಟಿದ ಬಂಡಿಗಳಲ್ಲಿ ಈ ಸಾಕ್ಷ್ಯ ಅಳಿದುಹೋಗಿದೆ. ಆ ದೃಷ್ಟಿಯಿಂದ ಅದೊಂದು ಓಲೆಗರಿಯ ಮೂಲಪ್ರತಿಯಿದ್ದಂತೆ. ಕೊಳ್ಳುವವನ ಸಂಕಟವೂ ಇಲ್ಲೇ ಇದೆ. ಸವಾರಿಗೆ ಯೋಗ್ಯವಾಗಬೇಕಾದರೆ ಟಯರು, ಕೊಳವೆ, ರಬ್ಬರಿನ ಬಿಗಿಬಳೆ, ಸರಪಳಿಗಳನ್ನೆಲ್ಲ ಬದಲಿಸಬೇಕು. ಬದಲಿಸಿದಷ್ಟೂ ಮೂಲಪ್ರತಿಯ ಹಾಳೆಗಳು ಹರಿದಂತೆ. ಮೇಲಾಗಿ ಓಡಿಸಿದ ಒಂದೊಂದು ಮೈಲಿಗೂ ಬಂಡಿಯ ಬೆಲೆ ಇಳಿಯುತ್ತದೆ. ವಿವೇಕಿಗಳು ತೆಗೆದ ಭಾಗಗಳನ್ನು ಚೀಟಿ ಹಚ್ಚಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ನನಗೆ ಕೇಳಿದರೆ, ಹೀಗೆ ಮಾಡಿ ಓಡಿಸುವುದೇ ಸರಿ. ಏಳು ಸಾವಿರದಲ್ಲಿ ಕೆಲವು ವಸ್ತುಸಂಗ್ರಹಾಲಯಗಳಲ್ಲಿ ನಿಂತಿದ್ದರೆ ಸಾಲದೆ? ಹೇಲ್‌ವುಡ್ಡನು 1981ರ ಮಾರ್ಚಿನಲ್ಲಿ ಊರ ರಸ್ತೆಯಲ್ಲಿ ಕಾರು ಲಾರಿಗೆ ಬಡಿದು ತೀರಿಕೊಂಡ. ಅವನ ಹೆಸರು ಹೊತ್ತ ಬಂಡಿಗಳ ತಯಾರಿಕೆ ಅದಾದ ಮೇಲೂ ಐದು ವರ್ಷ ನಡೆಯಿತು.

ಓಡಿಸಲು ನಿರ್ಧರಿಸಿದವನು ಮೊದಲ ದಿನವೇ ಕಾಲಿನಿಂದ ಒದೆಯಬಾರದು. ಹಳೆಯ ಪೆಟ್ರೋಲನ್ನೂ ಎಣ್ಣೆಯನ್ನೂ ಪೂರ್ತಿ ಬಸಿಯಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ತೆಳುವಾದ ಕೊಳವೆಯ ತುದಿಗೆ ಕೂಡಿಸಿದ ಕ್ಯಾಮೆರಾವನ್ನು ಆ ರಂಧ್ರದಲ್ಲಿ ಇಳಿಸಿ ಸಿಲಿಂಡರಿನ ಗೋಡೆಯನ್ನು ನೋಡಬೇಕು. ತುಕ್ಕು ಇಲ್ಲದಿದ್ದರೆ ಎರಡು ಚಮಚ ಎಣ್ಣೆ ಹಾಕಿ ಒಂದೆರಡು ದಿನ ಹಾಗೆಯೇ ಬಿಡಬೇಕು. ಆಮೇಲೆ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಮೇಲಿನ ಗೇರಿಗೆ ಹಾಕಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ದಂಡುಗಳು ತಿರುಗಿ, ಕ್ಯಾಮುಗಳು ಒಂದನ್ನು ತಳ್ಳಿ ಮತ್ತೊಂದನ್ನು ಎಳೆಯುವ ಸದ್ದು ಕಿವಿಗೊಟ್ಟರೆ ಕೇಳುತ್ತದೆ. ಎಲ್ಲಾದರೂ ಕೈಗೆ ತಡೆ ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಿ ಯಂತ್ರವನ್ನು ಬಿಚ್ಚಬೇಕು. ತಡೆಯಿಲ್ಲದೆ ಎರಡು ಪೂರ್ತಿ ಸುತ್ತು ಬಂದರೆ ಮಾತ್ರ ಹೊಸ ಎಣ್ಣೆ, ಹೊಸ ಪೆಟ್ರೋಲು.